ಗುಳಿ ಬೀಳುವ ಕಾಯಿಲೆ, ಮಲೇರಿಯಾದ ಮಾತ್ರೆ

ಡೊಂಬಿವಲಿಯಿಂದ ಸಿಎಸ್‌ಟಿ ಕಡೆಗೆ ಹೋಗುವ ಲೋಕಲ್‌ನಲ್ಲಿ ಬೆಳಗಿನ ಬಿಸಿಲು ಎಡಗಡೆಯಿಂದ ಬೀಳುತ್ತದೆ. ಸಂಜೆ ಮರಳುವಾಗಲೂ ಎಡಗಡೆಯೇ. ಹೋಗುವಾಗ ಸೂರ್ಯ ಪೂರ್ವದಲ್ಲಿ, ಬರುವಾಗ ಪಶ್ಚಿಮದಲ್ಲಿ, ಅಷ್ಟೊತ್ತಿಗೆ ಗಾಡಿಯ ಮುಖವೂ ತಿರುಗಿರುತ್ತದೆ. ಮೂವತ್ತು ವರ್ಷ ಓಡಾಡಿದವರೂ ಇದನ್ನು ಗಮನಿಸಿರಲಿಕ್ಕಿಲ್ಲ. ಲೇಡೀಸ್ ಡಬ್ಬದಲ್ಲಿ ಕಿಟಕಿ ಸೀಟು ಸಿಕ್ಕಿದ್ದೇ ಪುಣ್ಯ ಎನ್ನುವಾಗ ಎಡವೋ ಬಲವೋ ಎಂದು ಯಾರು ನೋಡುತ್ತಾರೆ? ನಾನು ನೋಡುತ್ತೇನೆ. ಬಲಗಡೆ ಸೀಟಿಲ್ಲದಿದ್ದರೆ ನಿಂತೇ ಹೋಗುತ್ತೇನೆ.

ನನಗಿರುವ ಕಾಯಿಲೆಯ ಹೆಸರು ಲೂಪಸ್ ಪ್ರೊಫಂಡಸ್. ಕೆಲವು ವೈದ್ಯರು ಲೂಪಸ್ ಪ್ಯಾನಿಕ್ಯುಲೈಟಿಸ್ ಎಂದು ಬರೆಯುತ್ತಾರೆ, ಎರಡೂ ಒಂದೇ. ಲೂಪಸ್ ಎಂಬ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಸ್ವಂತ ಅಂಗಗಳ ಮೇಲೆ ಏರಿಹೋಗುವ ಕಾಯಿಲೆ ಅದು. ಕೀಲು, ಮೂತ್ರಪಿಂಡ, ರಕ್ತ, ಚರ್ಮ, ಯಾವುದನ್ನೂ ಹಿಡಿಯಬಹುದು. ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ದೆಹಲಿ ಸಮೀಪದ ಹಳ್ಳಿಗಳಲ್ಲಿ ಮಾಡಿ 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಲಕ್ಷ ಜನರಿಗೆ ಸುಮಾರು ಮೂವರು ಎಂದಿತ್ತು. ಕೆಲವರಲ್ಲಿ ಲೂಪಸ್ ಚರ್ಮದಲ್ಲೇ ನಿಂತುಬಿಡುತ್ತದೆ. ಹಾಗೆ ಚರ್ಮದ ಲೂಪಸ್ ಇರುವ ನೂರು ಜನರಲ್ಲಿ ಒಬ್ಬರಿಗೋ ಮೂವರಿಗೋ ಮಾತ್ರ ಅದು ಇನ್ನೂ ಕೆಳಗಿಳಿದು ಚರ್ಮದಡಿಯ ಕೊಬ್ಬಿಗೆ ತಗಲುತ್ತದೆ. ಪ್ರೊಫಂಡಸ್ ಎಂದರೆ ಲ್ಯಾಟಿನ್‌ನಲ್ಲಿ ಆಳದ್ದು ಎಂದರ್ಥ. 1883ರಲ್ಲಿ ವಿಯೆನ್ನಾದ ಕಪೋಸಿ ಎಂಬ ವೈದ್ಯರು ಇದನ್ನು ವಿವರಿಸಿದರು. ಈ ಹೆಸರು ಬಂದದ್ದು 1940ರಲ್ಲಿ, ಇರ್ಗಾಂಗ್ ಎಂಬವರಿಂದ.

ಚರ್ಮರೋಗ ಎಂದರೆ ಮೇಲೆ ಕಾಣಬೇಕು, ತುರಿಸಬೇಕು, ಸಿಪ್ಪೆ ಏಳಬೇಕು ಎಂಬುದು ನಮ್ಮ ಲೆಕ್ಕ. ಇದು ಹಾಗಲ್ಲ. 2011ರ ಫೆಬ್ರವರಿಯಲ್ಲಿ ನನ್ನ ಎಡ ತೋಳಿನಲ್ಲಿ, ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ, ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಮೇಲಿನ ಚರ್ಮಕ್ಕೆ ಏನೂ ಆಗಿರಲಿಲ್ಲ. ಒತ್ತಿದರೆ ಸ್ವಲ್ಪ ನೋವು. ನಮ್ಮ ಪೇಟೆಯ ಡಾಕ್ಟರು “ಗಾಡಿಯಲ್ಲಿ ಪೆಟ್ಟಾಗಿರಬೇಕು” ಎಂದರು. ಥಾಣೆಯಲ್ಲಿ ಹತ್ತುವವರ ಮೊಣಕೈ ಬಲ್ಲವರು ಯಾರೂ ಈ ಮಾತನ್ನು ಅಲ್ಲಗಳೆಯಲಾರರು. ಪೆಟ್ಟು ಬಿದ್ದ ಜಾಗದಲ್ಲಿ ಈ ಗಂಟುಗಳು ಏಳುವುದುಂಟು ಎಂದು ವೈದ್ಯ ಪುಸ್ತಕಗಳೂ ಹೇಳುತ್ತವೆಯಂತೆ, ಹಾಗಾಗಿ ಅವರ ಮಾತು ಅರ್ಧ ನಿಜವೂ ಇರಬಹುದು. ಏಪ್ರಿಲ್‌ನಲ್ಲಿ ಬಲ ತೋಳಿನಲ್ಲೊಂದು ಎದ್ದಿತು. ಮಳೆಗಾಲ ಶುರುವಾಗುವಾಗ ಕೆನ್ನೆಯಲ್ಲಿ, ಅದರ ಮೇಲೆ ಎಂಟಾಣೆಯಷ್ಟು ಅಗಲದ ಕೆಂಪು ಕಲೆ.

ನಾಲ್ಕೈದು ತಿಂಗಳಲ್ಲಿ ಮೊದಲ ಗಂಟು ಕರಗುತ್ತಾ ಬಂತು. ಎಲ್ಲರಿಗೂ ಸಂತೋಷ. ಅದು ಕರಗುವುದು ನಿಲ್ಲಿಸಲಿಲ್ಲ ಎಂಬುದೇ ಸಮಸ್ಯೆ. ಗಂಟು ಹೋದ ಜಾಗ ಸಮವಾಗಿ, ಆಮೇಲೆ ಒಳಗೆ ಇಳಿದು, ಹಣ್ಣಾದ ಪಪ್ಪಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಂತೆ ಗುಳಿಯಾಯಿತು. ಉರಿಯೂತದಲ್ಲಿ ಅಲ್ಲಿನ ಕೊಬ್ಬು ಸತ್ತುಹೋಗಿರುತ್ತದೆ, ಮತ್ತೆ ಬರುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಮೇಲ್ದೋಳು, ಭುಜ, ಮುಖ, ಸ್ತನ, ಪೃಷ್ಠ, ಹೀಗೆ ಕೊಬ್ಬಿರುವ ಜಾಗಗಳನ್ನೇ ಹುಡುಕುತ್ತದೆ. ನನ್ನ ತೋಳು ಹಾಳಾದದ್ದು ಗಂಡನಿಗಿಂತ ಮೊದಲು ಗೊತ್ತಾದದ್ದು ಟೈಲರ್ ಮಾಸ್ತರರಿಗೆ. ರವಿಕೆಯ ಅಳತೆ ತೆಗೆಯುವಾಗ ಟೇಪು ಒಂದು ಕ್ಷಣ ನಿಂತಿತು. ಏನೂ ಕೇಳದೆ, “ತೋಳು ಎರಡಿಂಚು ಇಳಿಸಲಾ ಬಾಯಿ?” ಎಂದರು. ಅಂದಿನಿಂದ ಇಳಿಸಿಯೇ ಹೊಲಿಯುತ್ತಿದ್ದಾರೆ.

ಹೆಸರು ಗೊತ್ತಾಗಲು ಒಂದು ವರ್ಷ ಹಿಡಿಯಿತು. ಒಬ್ಬ ವೈದ್ಯರಿಗೆ ಕ್ಷಯದ ಅನುಮಾನ ಬಂತು. ಮುಂಬಯಿಯಲ್ಲಿ ಗಂಟು ಕಂಡ ಕೂಡಲೇ ಟಿಬಿ ನೆನಪಾಗುವುದು ತಪ್ಪೇನಲ್ಲ, ಚರ್ಮದಡಿ ಗಂಟಾಗುವ ಟಿಬಿಯ ಬಗೆಯೂ ಇದೆ. ಆದರೆ ಅದು ಸಾಮಾನ್ಯವಾಗಿ ಮೀನಖಂಡದಲ್ಲಿ ಏಳುತ್ತದೆ. ಪ್ರೊಫಂಡಸ್ ಮೊಣಕಾಲಿನಿಂದ ಕೆಳಗೆ ಹೋಗುವುದು ಅಪರೂಪ. ಈ ಗೊಂದಲಕ್ಕೆ ಹೆಸರೂ ಒಂದಿಷ್ಟು ತುಪ್ಪ ಸುರಿಯುತ್ತದೆ. ಲೂಪಸ್ ಎಂದರೆ ತೋಳ. ತೋಳ ಕಚ್ಚಿ ತಿಂದಂತೆ ಕಾಣುವ ಮುಖದ ಹುಣ್ಣುಗಳಿಗೆಲ್ಲ ಹಳೆಯ ಯುರೋಪಿನವರು ಈ ಒಂದೇ ಹೆಸರಿಟ್ಟಿದ್ದರು. ಅದರಲ್ಲಿ ಲೂಪಸ್ ವಲ್ಗ್ಯಾರಿಸ್ ಎಂಬುದು ಚರ್ಮದ ಕ್ಷಯ. ಲೂಪಸ್ ಎರಿತೆಮಟೋಸಸ್ ಎಂಬುದು ನಮ್ಮದು, ಪ್ಯಾರಿಸ್ಸಿನ ಕಾಜೆನಾವ್ 1851ರಲ್ಲಿ ಹೆಸರಿಟ್ಟದ್ದು. ಎರಡಕ್ಕೂ ಸಂಬಂಧವಿಲ್ಲ. ಎಷ್ಟು ಸಂಬಂಧವಿಲ್ಲವೆಂದರೆ, ಮೊದಲನೆಯದಕ್ಕೆ ಬೆಳಕಿನಿಂದ ಚಿಕಿತ್ಸೆ ಕಂಡುಹಿಡಿದದ್ದಕ್ಕೆ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಎರಡನೆಯದು ಅದೇ ಬೆಳಕಿನಿಂದ ಕೆರಳುತ್ತದೆ. ನನ್ನ ರಿಪೋರ್ಟಿನ ಒಂದು ಶಬ್ದವನ್ನು ಮೊಬೈಲಿನಲ್ಲಿ ಹುಡುಕಿದ ಭಾವನವರು “ಟಿಬಿಯಂತೆ, ಹರಡುತ್ತದಂತೆ” ಎಂದು ಊರಿಗೆಲ್ಲ ಫೋನು ಮಾಡಿದ್ದು ಈ ತೋಳದ ದೆಸೆಯಿಂದ.

ಮೊದಲ ಬಯಾಪ್ಸಿಯಲ್ಲಿ ಏನೂ ಸಿಗಲಿಲ್ಲ. ಪಂಚ್ ಎನ್ನುತ್ತಾರೆ, ಪೆನ್ಸಿಲಿನ ಮೊನೆಯಷ್ಟು ಚರ್ಮ ಕೊರೆದು ತೆಗೆಯುವುದು. ಕಾಯಿಲೆ ಇದ್ದದ್ದು ಅದರ ಕೆಳಗೆ. ಎರಡನೇ ಸಲ ಸಣ್ಣ ಆಪರೇಶನ್ ಮಾಡಿ, ಕೊಬ್ಬಿನ ತುಂಡನ್ನೂ ಸೇರಿಸಿ ತೆಗೆದಾಗ ಉತ್ತರ ಸಿಕ್ಕಿತು. ಈ ವಿಷಯ ಯಾಕೆ ಬರೆಯುತ್ತಿದ್ದೇನೆಂದರೆ, ಚರ್ಮದಡಿ ಗಂಟಿದ್ದು ಬಯಾಪ್ಸಿ “ವಿಶೇಷವೇನಿಲ್ಲ” ಎಂದು ಬಂದರೆ, ಕೊಬ್ಬಿನವರೆಗೆ ತೆಗೆದಿದ್ದಾರಾ ಎಂದು ಕೇಳುವ ಹಕ್ಕು ನಿಮಗಿದೆ.

ಉತ್ತರ ಪೂರ್ತಿಯಾಗಿ ಸಿಗುವ ಮುಂಚೆ ಇನ್ನೂ ಹತ್ತು ದಿನ ಕಳೆಯಬೇಕಾಯಿತು. ಆ ಹತ್ತು ದಿನಗಳ ಬಗ್ಗೆ ಮನೆಯಲ್ಲಿ ಇವತ್ತಿಗೂ ಯಾರೂ ಮಾತಾಡುವುದಿಲ್ಲ. ಸೂಕ್ಷ್ಮದರ್ಶಕದಡಿ ಲೂಪಸ್ ಪ್ರೊಫಂಡಸ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆ ಇದೆ. ಅದು ಕೊಬ್ಬಿನಲ್ಲಿ ಶುರುವಾಗುವ ಒಂದು ಬಗೆಯ ಲಿಂಫೋಮಾ, ಅಂದರೆ ಕ್ಯಾನ್ಸರ್. ಎರಡರಲ್ಲೂ ಕೊಬ್ಬಿನೊಳಗೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮುತ್ತಿಕೊಂಡಿರುತ್ತವೆ. ಬೇರೆ ಬಣ್ಣಗಳ ಪರೀಕ್ಷೆ ಮಾಡಿ, ಇನ್ನೊಬ್ಬ ಪೆಥಾಲಜಿಸ್ಟ್ ನೋಡಿ, ಆಮೇಲೆ ಹೇಳಬೇಕು. ಸ್ಲೈಡುಗಳನ್ನು ಕರವಸ್ತ್ರದಲ್ಲಿ ಸುತ್ತಿ ಪರೇಲ್‌ಗೆ ಒಯ್ದವಳು ನಾನೇ. ನಮ್ಮ ಕರಾವಳಿಯವರಿಗೆ ಪರೇಲ್ ಎಂದರೆ ಒಂದು ಕಾಲಕ್ಕೆ ಗಿರಣಿ, ಚಾಳು, ಖಾನಾವಳಿ. ಈಗ ಊರಿನಿಂದ ಯಾರಾದರೂ “ಪರೇಲ್‌ಗೆ ಬರ್ತಾ ಇದ್ದೇವೆ” ಎಂದರೆ ಎದೆ ಧಸಕ್ಕೆನ್ನುತ್ತದೆ, ಟಾಟಾ ಆಸ್ಪತ್ರೆಗೆ ಎಂದೇ ಅರ್ಥ. ಒಂದೇ ಪ್ರದೇಶದಲ್ಲಿ ಟಾಟಾ, ಕೆಇಎಂ, ವಾಡಿಯಾ ಮೂರೂ ಇವೆ. 1926ರಲ್ಲಿ ಶುರುವಾದ ಕೆಇಎಂನ ಆವರಣದಲ್ಲೇ, ಬಹುಮಹಡಿ ಕಟ್ಟಡದ ಹದಿಮೂರನೇ ಅಂತಸ್ತಿನಲ್ಲಿ, ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇದೆ. ಲೂಪಸ್ ರೋಗಿಗಳ ರಕ್ತದಲ್ಲಿ ಸ್ವಂತ ಜೀವಕೋಶಗಳ ವಿರುದ್ಧವೇ ಹುಟ್ಟುವ ಆಂಟಿಬಾಡಿಗಳ ಬಗ್ಗೆ ಅಲ್ಲಿ ಸಂಶೋಧನೆ ನಡೆದಿದೆ. ಇಂಥದ್ದೊಂದು ನಮ್ಮ ಮೂಗಿನಡಿಯಲ್ಲೇ ಇದೆ ಎಂದು ಆ ರಸ್ತೆಯಲ್ಲಿ ನೂರು ಸಲ ನಡೆದ ನನಗೂ ಗೊತ್ತಿರಲಿಲ್ಲ. ಹನ್ನೊಂದನೇ ದಿನ ರಿಪೋರ್ಟು ಬಂತು. ಲಿಂಫೋಮಾ ಅಲ್ಲ.

ಊರಿನಲ್ಲಿ ಅಷ್ಟರಲ್ಲಿ ಬೇರೆ ರಿಪೋರ್ಟು ಬಂದಿತ್ತು. ತುಳುನಾಡಿನಲ್ಲಿ ಚರ್ಮಕ್ಕೆ ಏನಾದರೂ ನಾಗನೇ ಕಾರಣ. ಅಮ್ಮ ಜೋಯಿಸರಲ್ಲಿ ಕೇಳಿಸಿ, ಮೂಲದ ಬನದಲ್ಲಿ ತಂಬಿಲ ಕೊಡಿಸಿ, ಕುಕ್ಕೆಯಲ್ಲಿ ಆಶ್ಲೇಷ ಬಲಿ ಮಾಡಿಸಿದರು. ನಾನೂ ಹೋಗಿ ಕೈಮುಗಿದು ಬಂದೆ. ಇದನ್ನು ಓದಿ ಕೆಲವರು ನಗಬಹುದು. ಅಮ್ಮನಿಗೆ ರಾತ್ರಿ ನಿದ್ದೆ ಬಂತು, ನನ್ನ ಮಾತ್ರೆ ನಿಲ್ಲಲಿಲ್ಲ, ಇದರಲ್ಲಿ ನಗುವುದಕ್ಕೇನಿದೆ? ನನ್ನ ಜಗಳ ಇರುವುದು ನಾಗನ ಜೊತೆಗಲ್ಲ, “ಇಂಗ್ಲಿಷ್ ಮದ್ದು ಬಿಡಿ, ನಲ್ವತ್ತೆಂಟು ದಿನದಲ್ಲಿ ಬುಡದಿಂದ ತೆಗೆಯುತ್ತೇನೆ” ಎನ್ನುವವರ ಜೊತೆಗೆ. ಲೂಪಸ್ ಬುಡದಿಂದ ಹೋಗುವ ಕಾಯಿಲೆಯಲ್ಲ, ತಣ್ಣಗೆ ಮಲಗಿಸಿಡುವ ಕಾಯಿಲೆ. ಸ್ಟೀರಾಯ್ಡ್ ನುಂಗುತ್ತಿರುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯವಾಗಬಹುದು.

ಮಗಳ ಮದುವೆಯ ಮಾತು ಬಂದಾಗ ಇನ್ನೊಂದು ಬಗೆಯ ಪರೀಕ್ಷೆ. ಮುಲುಂಡಿನ ಒಂದು ಮನೆಯವರು ನೋಡಲು ಬರುವವರಿದ್ದರು. “ಕೆನ್ನೆಗೆ ಪೌಡರು ಹಾಕ್ಕೋ, ಉದ್ದ ತೋಳಿನ ರವಿಕೆ ತೊಡು, ಸುಮ್ಮನಿರು” ಎಂದು ನನ್ನ ಅತ್ತಿಗೆಯ ಸಲಹೆ. ನಾನು ಒಪ್ಪಲಿಲ್ಲ. ಕಾಫಿ ಕೊಟ್ಟ ಮೇಲೆ ನಾನೇ ವಿಷಯ ತೆಗೆದೆ. ಇದು ಅಂಟುವುದಿಲ್ಲ. ತಾಯಿಯಿಂದ ಮಗಳಿಗೆ ನೇರವಾಗಿ ಇಳಿದು ಬರುವಂಥದ್ದೂ ಅಲ್ಲ. ಹತ್ತಿರದ ಸಂಬಂಧಿಕರಿಗೆ ಲೂಪಸ್ ಬರುವ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಹೆಚ್ಚು, ಆದರೂ ಹೆಚ್ಚಿನ ಮಕ್ಕಳಿಗೆ ಬರುವುದೇ ಇಲ್ಲ. ಇಷ್ಟನ್ನು ಹೇಳಿದೆ. ಅವರು “ಯೋಚನೆ ಮಾಡಿ ಹೇಳ್ತೇವೆ” ಎಂದು ಹೋದವರು ಹೇಳಲೇ ಇಲ್ಲ. ಎರಡು ವರ್ಷದ ನಂತರ ಬೇರೆ ಕಡೆ ಆಯಿತು, ಅವರಿಗೂ ಇದನ್ನೇ ಹೇಳಿದ್ದೆ. ಅತ್ತಿಗೆಗೆ ಇವತ್ತಿಗೂ ನನ್ನ ಮೇಲೆ ಸಿಟ್ಟಿದೆ.

ಇನ್ನು ಮಾತ್ರೆಯ ವಿಷಯ. ಲೂಪಸ್‌ನವರ ಅನ್ನ ಎಂದು ಕರೆಯಬಹುದಾದ ಮದ್ದು ಹೈಡ್ರಾಕ್ಸಿಕ್ಲೋರೋಕ್ವಿನ್. ಇದರ ಮೂಲ ಮಲೇರಿಯಾ. ಮಂಗಳೂರು ಮತ್ತು ಮುಂಬಯಿ ಎರಡರಲ್ಲೂ ಬದುಕಿದವರಿಗೆ ಕ್ಲೋರೋಕ್ವಿನ್ ಕಹಿ ಹೊಸತಲ್ಲ, ಮಲೆನಾಡಿನ ಅಜ್ಜಿಯರಿಗೆ ಕ್ವಿನೈನ್ ಕಹಿಯೂ ಗೊತ್ತಿತ್ತು. ಆ ಕ್ವಿನೈನ್ ಅನ್ನು ಲೂಪಸ್‌ಗೆ ಕೊಟ್ಟು ನೋಡಿದವರು ಲಂಡನ್ನಿನ ವೈದ್ಯ ಪೇನ್, 1894ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಮಲೇರಿಯಾ ಬಾರದಂತೆ ಮೆಪಾಕ್ರಿನ್ ಎಂಬ ಮಾತ್ರೆಯನ್ನು ರಾಶಿ ರಾಶಿ ನುಂಗಿಸಿದ್ದರು. 1951ರಲ್ಲಿ ಪೇಜ್ ಎಂಬ ವೈದ್ಯರು ಅದರಿಂದ ಲೂಪಸ್‌ನ ಚರ್ಮ ಗುಣವಾಗುತ್ತದೆ ಎಂದು ಬರೆದರು. ಅದೇ ವಂಶದ, ಆದರೆ ಸೌಮ್ಯವಾದ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ 1955ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನನಗೆ ಇದು ಶುರುವಾದದ್ದು 2012ರಲ್ಲಿ. ನಿಧಾನದ ಮದ್ದು, ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಸ್ವಲ್ಪ ದಿನ ಸ್ಟೀರಾಯ್ಡ್ ಕೊಟ್ಟು ಆಮೇಲೆ ಇಳಿಸಿದರು. ಬೀಡಿ ಸಿಗರೇಟು ಸೇದುವವರಲ್ಲಿ ಈ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. 2014ರ ನಂತರ ನನಗೆ ಹೊಸ ಗಂಟು ಎದ್ದಿಲ್ಲ.

ಎಂಟು ವರ್ಷ ಈ ಮಾತ್ರೆಯ ಹೆಸರನ್ನು ನಾನು ಯಾರಿಗೆ ಹೇಳಿದರೂ ಎರಡನೇ ಸಲ ಹೇಳಬೇಕಾಗುತ್ತಿತ್ತು. 2020ರ ಮಾರ್ಚ್‌ನಲ್ಲಿ ಒಂದೇ ವಾರದಲ್ಲಿ ಅದು ಎಲ್ಲರ ಬಾಯಿಗೆ ಬಂತು. 21ರಂದು ಟ್ರಂಪ್ ಟ್ವೀಟ್ ಮಾಡಿದರು. 22ರಂದು, ಜನತಾ ಕರ್ಫ್ಯೂ ದಿನವೇ, ಕೊರೋನಾ ರೋಗಿಗಳನ್ನು ನೋಡುವ ಆರೋಗ್ಯ ಸಿಬ್ಬಂದಿಗೆ ಮತ್ತು ರೋಗಿಗಳ ಮನೆಯವರಿಗೆ ಮುನ್ನೆಚ್ಚರಿಕೆಗಾಗಿ ಈ ಮಾತ್ರೆ ಕೊಡಬಹುದೆಂದು ಐಸಿಎಂಆರ್‌ನ ಕಾರ್ಯಪಡೆ ಸೂಚನೆ ಹೊರಡಿಸಿತು. ಅದೇ ರಾತ್ರಿ ಲೋಕಲ್ ಗಾಡಿ ನಿಂತಿತು. 25ರಂದು ಲಾಕ್‌ಡೌನ್, ಜೊತೆಗೆ ರಫ್ತಿಗೆ ನಿಷೇಧ. 26ರಂದು ವೈದ್ಯರ ಚೀಟಿ ಇಲ್ಲದೆ ಮಾರದಂತೆ ಸರಕಾರ ಬಿಗಿ ಮಾಡಿತು. ಅಷ್ಟರಲ್ಲಿ ಅಂಗಡಿಗಳು ಬರಿದಾಗಿದ್ದವು. ಜಗತ್ತಿನ ಹೈಡ್ರಾಕ್ಸಿಕ್ಲೋರೋಕ್ವಿನ್‌ನಲ್ಲಿ ಬಹುಪಾಲು ತಯಾರಾಗುವುದು ಭಾರತದಲ್ಲಿ. ಅದನ್ನು ಮಾಡುವ ದೊಡ್ಡ ಕಂಪೆನಿಗಳಲ್ಲಿ ಒಂದಾದ ಇಪ್ಕಾದ ಪ್ರಧಾನ ಕಚೇರಿ ಇರುವುದು ನಮ್ಮದೇ ಕಾಂದಿವಲಿಯಲ್ಲಿ. ಆದರೂ ಡೊಂಬಿವಲಿಯಲ್ಲಿ ಒಂದು ಸ್ಟ್ರಿಪ್ ಇಲ್ಲ.

ನನ್ನ ಡಬ್ಬಿಯಲ್ಲಿ ಇಪ್ಪತ್ತೇಳು ಮಾತ್ರೆಗಳಿದ್ದವು. ದಿನಾ ಬೆಳಿಗ್ಗೆ ಎಣಿಸುತ್ತಿದ್ದೆ, ಎಣಿಸಿದರೆ ಹೆಚ್ಚಾಗುವುದಿಲ್ಲ ಎಂದು ಗೊತ್ತಿದ್ದೂ. ಫೋನಿನಲ್ಲಿ ನನ್ನ ಡಾಕ್ಟರು ಧೈರ್ಯ ಹೇಳಿದರು. ಈ ಮದ್ದು ಮೈಯಿಂದ ಬೇಗ ಹೊರಹೋಗುವುದಿಲ್ಲ, ಅರ್ಧಕ್ಕೆ ಇಳಿಯಲು ಸುಮಾರು ನಲವತ್ತು ದಿನ ಬೇಕು, ಹಾಗಾಗಿ ಒಂದೆರಡು ವಾರ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂದರು. ಮೂತ್ರಪಿಂಡಕ್ಕೆ ಲೂಪಸ್ ತಗಲಿದವರು, ಬಸುರಿಯರು ಏನು ಮಾಡಬೇಕು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೇ ಮೊದಲು ಹುಡುಕುತ್ತಿದ್ದೇನೆ” ಎಂದರು.

ಮೂರನೇ ಮಹಡಿಯ ಹುಡುಗಿ, ನಮ್ಮ ಕಾರ್ಕಳದ ಕಡೆಯವಳೇ, ವಾಟ್ಸಾಪ್ ಮಾಡಿದಳು: “ಅಕ್ಕ, ನಿಮ್ಮ ಹತ್ರ ಆ ಕೊರೋನಾ ಮಾತ್ರೆ ಉಂಟಂತೆ. ಅಮ್ಮನಿಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ ಬೇರೆ. ಒಂದು ಹತ್ತು ಕೊಡ್ತೀರಾ?” ಆಗ ನನ್ನಲ್ಲಿ ಹತ್ತೊಂಬತ್ತಿದ್ದವು. ನಾನು ಕೊಡಲಿಲ್ಲ. ಆ ಮಾತ್ರೆ ಕೆಲವರಲ್ಲಿ ಹೃದಯದ ಬಡಿತವನ್ನು ತಪ್ಪಿಸುತ್ತದೆ, ನಿನ್ನಮ್ಮನಿಗೆ ಇಸಿಜಿ ಇಲ್ಲದೆ ಕೊಡಬಾರದು, ಡಾಕ್ಟರನ್ನು ಕೇಳು ಎಂದು ಬರೆದೆ. ಅದು ನಿಜವೇ. ಹತ್ತೊಂಬತ್ತು ಎಂಬುದೂ ನಿಜ. ಆರು ತಿಂಗಳು ಅವಳು ಲಿಫ್ಟಿನಲ್ಲಿ ನನ್ನ ಮುಖ ನೋಡಲಿಲ್ಲ.

ಏಪ್ರಿಲ್ 7ರಂದು ರಫ್ತಿನ ನಿಷೇಧ ಸಡಿಲವಾಯಿತು. ಆ ತಿಂಗಳು ಧಾರಾವಿ, ವರ್ಲಿಯ ಜನರಿಗೆ ಈ ಮಾತ್ರೆ ಹಂಚುವ ಮಾತು ನಡೆದು, ಆಮೇಲೆ ಕೈಬಿಡಲಾಯಿತು. ನನಗೆ ಕೊನೆಗೂ ಸಿಕ್ಕಿದ್ದು ಘಾಟ್ಕೋಪರ್‌ನ ಒಂದು ಅಂಗಡಿಯಲ್ಲಿ. ಹೋಟೆಲಿನ ಹುಡುಗರಿಗೆ ಊಟ ಹಂಚಲು ಪಾಸ್ ಇದ್ದ ನಮ್ಮ ಸಂಬಂಧಿಕರೊಬ್ಬರು ತಂದುಕೊಟ್ಟರು, ಆಗ ಡಬ್ಬಿಯಲ್ಲಿ ನಾಲ್ಕು ಉಳಿದಿದ್ದವು. ಅಂಗಡಿಯವನು ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿ, “ಇವರು 2012ರಿಂದ ತಗೊಳ್ತಾ ಇದ್ದಾರಾ, ಹಾಗಾದರೆ ಇವರದ್ದೇ ಮಾತ್ರೆ” ಎಂದನಂತೆ. ಜೂನ್ 5ರಂದು ಬ್ರಿಟನ್ನಿನ ರಿಕವರಿ ಪ್ರಯೋಗದವರು ಕೊರೋನಾಕ್ಕೆ ಆಸ್ಪತ್ರೆ ಸೇರಿದವರಲ್ಲಿ ಇದರಿಂದ ಪ್ರಯೋಜನ ಕಾಣಲಿಲ್ಲ ಎಂದರು, ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ಪ್ರಯೋಗದಿಂದ ಇದನ್ನು ಕೈಬಿಟ್ಟಿತು. ಮೊದಲೇ ಇದನ್ನು ನುಂಗುತ್ತಿದ್ದ ಲೂಪಸ್ ರೋಗಿಗಳಿಗೂ ಕೊರೋನಾ ಬಂದಿತ್ತು ಎಂಬುದು ಅಷ್ಟರಲ್ಲೇ ಪ್ರಕಟವಾಗಿತ್ತು. ಆಮೇಲೆ ಅಂಗಡಿಗಳಲ್ಲಿ ಮಾತ್ರೆ ಧಾರಾಳವಾಯಿತು. ಮತ್ತೆ ಅದರ ಹೆಸರನ್ನು ಎರಡು ಸಲ ಹೇಳಬೇಕಾಗಿದೆ.

ಬಿಸಿಲಿನ ಬಗ್ಗೆ ಒಂದು ಮಾತು ಬಾಕಿ ಇದೆ. ಆಳದ ಗಂಟುಗಳಿಗೂ ಬಿಸಿಲಿಗೂ ಇರುವ ನಂಟು ಲೂಪಸ್‌ನ ಉಳಿದ ಬಗೆಗಳಲ್ಲಿ ಇರುವಷ್ಟು ನೇರವಲ್ಲ. ಆದರೆ ನನ್ನ ಕೆನ್ನೆಯ ಮೇಲಿರುವಂಥ ಕಲೆಗೆ, ಡಿಸ್ಕಾಯ್ಡ್ ಎನ್ನುತ್ತಾರೆ, ಬಿಸಿಲೇ ಶತ್ರು. ಆರೋಗ್ಯ ಬೇಕಾದರೆ ಸೂರ್ಯನನ್ನು ಬೇಡು ಎನ್ನುವ ನಾಡಿನಲ್ಲಿ ಇದನ್ನು ಒಪ್ಪಿಸುವುದು ಕಷ್ಟ. ಮೋಡ ಕವಿದ ದಿನವೂ ಛತ್ರಿ ಹಿಡಿದರೆ ಜನ ಆಕಾಶ ನೋಡುತ್ತಾರೆ. ತೆಳು ಮೋಡವನ್ನೂ ಗಾಜನ್ನೂ ದಾಟಿ ಬರುವ ಕಿರಣಗಳಿವೆ. ಸನ್‌ಸ್ಕ್ರೀನ್ ಬೆಳಿಗ್ಗೆ ಒಮ್ಮೆ ಬಳಿದರೆ ಮುಂಬಯಿಯ ಬೆವರಿಗೆ ದಾದರ್ ತಲುಪುವಷ್ಟರಲ್ಲಿ ಇಳಿದುಹೋಗಿರುತ್ತದೆ, ಮತ್ತೆ ಹಚ್ಚಬೇಕು. “ಈ ವಯಸ್ಸಿನಲ್ಲೂ ಎಷ್ಟು ಮೇಕಪ್ ಮಾರಾಯ್ತಿ” ಎಂದು ಎದುರಿನ ಸೀಟಿನ ಹೆಂಗಸು ಪಕ್ಕದವಳಿಗೆ ತುಳುವಿನಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಕುರ್ಲಾದಲ್ಲಿ ಇಳಿಯುವಾಗ ತುಳುವಿನಲ್ಲೇ “ಬರ್ಪೆ ಅಕ್ಕ” ಎಂದು ಹೇಳಿ ಇಳಿದೆ. ಬಿಸಿಲು ಬಿಟ್ಟವರಿಗೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಅದಕ್ಕೆ ಬೇರೆ ಮಾತ್ರೆ.

ತೋಳಿನ ಗುಳಿಗಳನ್ನು ಹೊಟ್ಟೆಯ ಕೊಬ್ಬು ತೆಗೆದು ತುಂಬಿಸಬಹುದು ಎಂದು ಪ್ಲಾಸ್ಟಿಕ್ ಸರ್ಜನ್ ಒಬ್ಬರು ಹೇಳಿದರು. ಕಾಯಿಲೆ ಬಹುಕಾಲ ತಣ್ಣಗಿದ್ದವರಿಗೆ ಮಾತ್ರ, ಮತ್ತು ಚುಚ್ಚಿದ ಪೆಟ್ಟಿಗೇ ಅದು ಮತ್ತೆ ಏಳಲೂಬಹುದು ಎಂದೂ ಪ್ರಾಮಾಣಿಕವಾಗಿ ಹೇಳಿದರು. ಬೇಡವೆಂದೆ. ಮಾಸ್ತರರು ಹೊಲಿಯುವ ತೋಳು ಸಾಕು.

ನಾನು ತಪ್ಪಿಸದೆ ಮಾಡುವುದು ಕಣ್ಣಿನ ಪರೀಕ್ಷೆ. ಹೈಡ್ರಾಕ್ಸಿಕ್ಲೋರೋಕ್ವಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಕೆಲವರಿಗೆ ಅಕ್ಷಿಪಟಲ ಹಾಳಾಗುತ್ತದೆ, ಹಾಳಾದದ್ದು ಸರಿಯಾಗುವುದಿಲ್ಲ. ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಮೀರಬಾರದು ಎಂದು ಅಮೆರಿಕದ ನೇತ್ರವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ ಮೇಲೆ, 61 ಕಿಲೋ ಇರುವ ನನಗೆ 400 ಇದ್ದದ್ದನ್ನು 300ಕ್ಕೆ ಇಳಿಸಿದರು. ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿ ವರ್ಷ ನೋಡಿಸಬೇಕು. ಯಾವ ತೊಂದರೆಯೂ ಕಾಣದಿದ್ದಾಗಲೇ ನೋಡಿಸಬೇಕು, ಕಂಡ ಮೇಲೆ ತಡವಾಗಿರುತ್ತದೆ. ಕಣ್ಣಿಗೆ ಹನಿ ಬಿಟ್ಟರೆ ಮೂರು ನಾಲ್ಕು ಗಂಟೆ ಬೆಳಕು ನೋಡಲಾಗುವುದಿಲ್ಲ. ಅದಕ್ಕೆ ನಾನು ಯಾವಾಗಲೂ ಸಂಜೆ ಆರರ ನಂತರದ ಹೊತ್ತನ್ನೇ ಕೇಳಿ ಪಡೆಯುತ್ತೇನೆ.